ಅಂಗಳದ ಪಾಚಿಗೆ ಮೊದಲು ಮದ್ದು, ಆಮೇಲೆ ನೀರು

ಅಂಗಳದ ಕಾಂಕ್ರೀಟು ಕಪ್ಪಗಾದರೆ ಹೆಚ್ಚಿನವರು ಅದನ್ನು ಬರೀ ಕೊಳೆ ಎಂದುಕೊಳ್ಳುತ್ತಾರೆ. ಧೂಳು, ಮಣ್ಣು, ಹೊಗೆಯ ಮಸಿ ಅದರಲ್ಲಿ ಒಂದಿಷ್ಟು ಇರುವುದು ನಿಜ. ಆದರೆ ನೆರಳಿನಲ್ಲಿ, ನೀರು ನಿಲ್ಲುವ ಜಾಗದಲ್ಲಿ ಕಾಣುವ ಆ ಕಪ್ಪು, ಆ ಹಸಿರು, ಕಾಲಿಟ್ಟರೆ ಜಾರುವ ಆ ಲೋಳೆ ಬಹುಪಾಲು ಜೀವವಿರುವಂಥದ್ದು. ಹಸಿರು ಪಾಚಿ, ಒಣಗಿದಾಗ ಕಪ್ಪಗೆ ಕಾಣುವ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ, ಬೂಷ್ಟು, ಸಂದುಗಳಲ್ಲಿ ಮೆತ್ತಗೆ ಹಾಸಿಕೊಳ್ಳುವ ಹಾವಸೆ, ಕಲ್ಲಿಗೆ ಬಿಲ್ಲೆಬಿಲ್ಲೆಯಾಗಿ ಅಂಟುವ ಕಲ್ಲುಹೂವು, ಹೀಗೆ ನಾಲ್ಕೈದು ಬಗೆ. ಇವೆಲ್ಲ ಕಾಂಕ್ರೀಟಿನ ಸಣ್ಣ ರಂಧ್ರಗಳೊಳಗೆ ಇಳಿದು ಹಿಡಿದುಕೊಂಡಿರುತ್ತವೆ.

ಪ್ರೆಶರ್ ವಾಷರ್ (ಒತ್ತಡದಿಂದ ನೀರು ಚಿಮ್ಮಿಸುವ ಯಂತ್ರ) ತಂದು ನೇರವಾಗಿ ನೀರು ಬಿಟ್ಟಾಗ ಆಗುವ ಎಡವಟ್ಟು ಇಲ್ಲಿಂದಲೇ ಶುರು. ಜೀವಂತ ಪಾಚಿ ಸುಲಭಕ್ಕೆ ಬಿಡುವುದಿಲ್ಲ. ಬಿಡದಿದ್ದರೆ ಕೈ ತಾನಾಗಿ ನಾಝಲನ್ನು, ಅಂದರೆ ನೀರು ಚಿಮ್ಮುವ ಮೂತಿಯನ್ನು, ನೆಲಕ್ಕೆ ಹತ್ತಿರ ಒಯ್ಯುತ್ತದೆ. ಹತ್ತಿರ ಒಯ್ದರೆ ಪಾಚಿಯ ಜೊತೆಗೆ ಕಾಂಕ್ರೀಟಿನ ಮೇಲ್ಪದರವೂ ಎದ್ದು ಹೋಗುತ್ತದೆ. ಆ ದಿನ ನೆಲ ಹೊಸದರಂತೆ ಕಾಣುತ್ತದೆ, ಅದೇನೋ ಸರಿ. ಆದರೆ ಈಗ ಅದು ಮೊದಲಿಗಿಂತ ಒರಟು, ಮೊದಲಿಗಿಂತ ಹೆಚ್ಚು ನೀರು ಹೀರುತ್ತದೆ, ರಂಧ್ರದೊಳಗೆ ಉಳಿದ ಪಾಚಿಗೆ ಒಳ್ಳೆಯ ನೆಲೆ ಸಿಕ್ಕಿದೆ. ಮುಂದಿನ ಮಳೆಗೆ ಪಾಚಿ ಮೊದಲಿಗಿಂತ ಬೇಗ ಬರುತ್ತದೆ. ಪಾಚಿಯನ್ನು ಮೊದಲು ಮದ್ದು ಹಾಕಿ ಕೊಂದರೆ ನೀರಿಗೆ ಉಳಿಯುವುದು ಸತ್ತದ್ದನ್ನು ತೊಳೆದು ಸಾಗಿಸುವ ಕೆಲಸ ಮಾತ್ರ. ಅದಕ್ಕೆ ಅರ್ಧ ಒತ್ತಡ ಸಾಕು.

ಯಂತ್ರದ ಎರಡು ಅಂಕಿ

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಒತ್ತಡ: ಬಾರ್ ಅಥವಾ ಪಿಎಸ್‌ಐ. 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ, ಹಾಗಾಗಿ 100 ಬಾರ್ ಎಂದರೆ 1450 ಪಿಎಸ್‌ಐ. ಸಣ್ಣ ಅಕ್ಷರದಲ್ಲಿರುವುದು ನಿಮಿಷಕ್ಕೆ ಎಷ್ಟು ಲೀಟರ್ ನೀರು ಎಂಬುದು. ನನ್ನ ಮಟ್ಟಿಗೆ ಅಂಗಳ ತೊಳೆಯುವವರಿಗೆ ಎರಡನೆಯದೇ ಮುಖ್ಯ. ಅಂಟಿದ್ದನ್ನು ಬಿಡಿಸುವುದು ಒತ್ತಡ, ಬಿಟ್ಟದ್ದನ್ನು ದೂಡಿಕೊಂಡು ಹೋಗುವುದು ನೀರಿನ ಪ್ರಮಾಣ. ಮನೆ ಬಳಕೆಯ ವಿದ್ಯುತ್ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ 5ರಿಂದ 7 ಲೀಟರ್ ಕೊಡುತ್ತವೆ. ಪೆಟ್ರೋಲ್ ಯಂತ್ರಗಳು 8ರಿಂದ 15 ಲೀಟರ್ ಕೊಡುತ್ತವೆ. ಒತ್ತಡ ಒಂದೇ ಇದ್ದರೂ ಹೆಚ್ಚು ನೀರು ಕೊಡುವ ಯಂತ್ರ ಕೆಲಸವನ್ನು ಬೇಗ ಮುಗಿಸುತ್ತದೆ. ನಿಮಿಷಕ್ಕೆ 7 ಲೀಟರ್ ಎಂದರೆ ಗಂಟೆಗೆ 420 ಲೀಟರ್. ಟ್ಯಾಂಕಿನಲ್ಲಿ ಅಷ್ಟು ನೀರಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ನಾಝಲ್‌ಗಳ ಬಣ್ಣ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ, ಅದು ಹೇಳುವುದು ಧಾರೆ ಹರಡುವ ಕೋನವನ್ನು. ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಕಪ್ಪು 65 ಡಿಗ್ರಿಯದು, ಕಡಿಮೆ ಒತ್ತಡದಲ್ಲಿ ಸೋಪು ಬಿಡಲು. ಕೆಂಪು ನಾಝಲ್‌ಗೆ ಅಂಗಳದಲ್ಲಿ ಕೆಲಸವೇ ಇಲ್ಲ, ಅದನ್ನು ಬೇರೆ ಕಡೆ ಎತ್ತಿಡಿ. ಹಳದಿಯನ್ನೂ ಗಟ್ಟಿ ಕಾಂಕ್ರೀಟಿನ ಮೇಲೆ, ಅದೂ ಎಲ್ಲೋ ಒಂದೆರಡು ಹಟಮಾರಿ ಜಾಗಕ್ಕೆ ಮಾತ್ರ ಬಳಸಿ. ನೆಲದ ಕೆಲಸ ನಡೆಯುವುದು ಹಸಿರಿನಲ್ಲಿ, ಕೊನೆಯ ತೊಳೆತ ಬಿಳಿಯಲ್ಲಿ. ಟರ್ಬೊ ನಾಝಲ್ ಎಂದು ಮಾರುವುದು 0 ಡಿಗ್ರಿ ಧಾರೆಯನ್ನೇ ಗಿರಗಿರ ತಿರುಗಿಸುವ ಸಾಧನ. ಧಾರೆಯ ಪೆಟ್ಟು ಕಡಿಮೆಯಾಗಿರುವುದಿಲ್ಲ, ಒಂದೇ ಕಡೆ ನಿಲ್ಲುವುದಿಲ್ಲ ಅಷ್ಟೆ. ಮೆದು ಕಲ್ಲು, ಮರ, ಪೇವರ್‌ಗಳ (ನೆಲಕ್ಕೆ ಜೋಡಿಸಿ ಹಾಸುವ ಕಾಂಕ್ರೀಟ್ ಬಿಲ್ಲೆಗಳು) ಹತ್ತಿರಕ್ಕೂ ಅದನ್ನು ತರಬಾರದು.

ದೂರದ ಲೆಕ್ಕವನ್ನು ತಲೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. 25 ಡಿಗ್ರಿ ನಾಝಲನ್ನು ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಹಿಡಿದರೆ ನೀರಿನ ಪಟ್ಟಿ ಸುಮಾರು 13 ಸೆಂ.ಮೀ. ಅಗಲ ಬೀಳುತ್ತದೆ. 15 ಸೆಂ.ಮೀ.ಗೆ ಇಳಿಸಿದರೆ ಪಟ್ಟಿ 6.5 ಸೆಂ.ಮೀ. ಆಗುತ್ತದೆ. ಅಷ್ಟೇ ನೀರು, ಅಷ್ಟೇ ವೇಗ, ಅರ್ಧ ಜಾಗ. ಕೈ ಅರಿವಿಲ್ಲದೆ ಅರ್ಧ ಅಡಿ ಇಳಿದರೆ ಪೆಟ್ಟು ಎರಡರಷ್ಟಾಗುತ್ತದೆ ಎಂದೇ ಅರ್ಥ. ನೆಲದ ಮೇಲೆ ಉಳಿಯುವ ಗೆರೆಗಳಿಗೆಲ್ಲ ಈ ಏರಿಳಿತವೇ ಕಾರಣ.

ನಾಝಲ್‌ನ ಮೇಲೆ ಕೆತ್ತಿದ ಸಂಖ್ಯೆಯನ್ನೂ ಓದಿಕೊಳ್ಳಿ. 25030 ಎಂದಿದ್ದರೆ ಮೊದಲ ಎರಡು ಅಂಕಿ ಕೋನ, ಉಳಿದದ್ದು ರಂಧ್ರದ ಗಾತ್ರ, ಅಂದರೆ 3.0. ಆ ಗಾತ್ರದ ಅಳತೆ 4000 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಅಮೆರಿಕನ್ ಗ್ಯಾಲನ್ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. 3000 ಪಿಎಸ್‌ಐ, ನಿಮಿಷಕ್ಕೆ 10 ಲೀಟರ್ ಯಂತ್ರಕ್ಕೆ ಲೆಕ್ಕ ಹಾಕಿದರೆ 3.0 ಸರಿಹೊಂದುತ್ತದೆ. ರಂಧ್ರ ದೊಡ್ಡದಾದರೆ ಒತ್ತಡ ಏರುವುದೇ ಇಲ್ಲ, ಚಿಕ್ಕದಾದರೆ ಪಂಪಿನ ಮೇಲೆ ಹೊರೆ. ನಾಝಲ್ ಸವೆಯುವುದೂ ಹೀಗೆಯೇ ತೊಂದರೆ ಕೊಡುತ್ತದೆ. ರಂಧ್ರದ ವಿಸ್ತೀರ್ಣ ಶೇ. 10ರಷ್ಟು ಹಿಗ್ಗಿದರೆ ಒತ್ತಡ ಸುಮಾರು ಶೇ. 17ರಷ್ಟು ಇಳಿಯುತ್ತದೆ. ಪಂಪು ಹಾಳಾಯಿತೆಂದು ರಿಪೇರಿಗೆ ಒಯ್ಯುವ ಮುನ್ನ ಹೊಸ ನಾಝಲ್ ಹಾಕಿ ನೋಡಿ.

ಪಂಪಿಗೆ ನೀರು ಸಾಲದಿದ್ದರೆ

ಪಂಪು ಕೆಡುವುದಕ್ಕೆ ದೊಡ್ಡ ಕಾರಣ ಒಳಬರುವ ನೀರು ಸಾಲದಿರುವುದು. ಪಂಪು ಕೇಳುವಷ್ಟು ನೀರು ಬಾರದಿದ್ದರೆ ಒಳಗೆ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಆಗ ಜಲ್ಲಿ ಅಲ್ಲಾಡಿಸಿದಂಥ ಸದ್ದು ಬರುತ್ತದೆ, ಧಾರೆ ತಡೆತಡೆದು ಚಿಮ್ಮುತ್ತದೆ, ಸೀಲು ಮತ್ತು ವಾಲ್ವುಗಳು ಸವೆಯುತ್ತವೆ. ಇದನ್ನು ಅಳೆಯಲು ಒಂದು ಬಕೆಟ್ ಸಾಕು. ಯಂತ್ರಕ್ಕೆ ಸಿಕ್ಕಿಸುವ ಅದೇ ಪೈಪಿನ ತುದಿಯಿಂದ 10 ಲೀಟರ್ ಬಕೆಟ್ಟಿಗೆ ನೀರು ಬಿಡಿ. ನಿಮಿಷಕ್ಕೆ 7 ಲೀಟರ್ ಯಂತ್ರವಾದರೆ ಬಕೆಟ್ ಒಂದು ನಿಮಿಷದೊಳಗೆ ತುಂಬಬೇಕು. ತುಂಬದಿದ್ದರೆ ನೀರಿನ ಪೈಪನ್ನು ಗಿಡ್ಡ ಮಾಡಿ ಅಥವಾ ಮುಕ್ಕಾಲು ಇಂಚಿನದು ಹಾಕಿ. ನಲ್ಲಿಯಲ್ಲೇ ನೀರು ಸಣ್ಣಗಿದ್ದರೆ ದೊಡ್ಡ ಡ್ರಮ್ಮಿನಲ್ಲಿ ಶೇಖರಿಸಿ ಅಲ್ಲಿಂದ ಎಳೆಯಬಹುದು. ಆದರೆ ಎಲ್ಲ ಪಂಪುಗಳೂ ಹೀಗೆ ಎಳೆಯಲಾರವು. ಎಳೆಯುವ ಯಂತ್ರವಾದರೂ ಡ್ರಮ್ಮು ಯಂತ್ರಕ್ಕಿಂತ ಎತ್ತರದಲ್ಲಿ ಇರಲಿ, ಒಳಪೈಪು ಮೊದಲೇ ನೀರಿನಿಂದ ತುಂಬಿರಲಿ.

ಚಾಲೂ ಮಾಡುವ ಕ್ರಮ ಹೀಗೆ. ಒಳಬರುವ ಬಾಯಿಯ ಜಾಲರಿ ಫಿಲ್ಟರ್ ತೆಗೆದು ತೊಳೆದು ಹಾಕಿ. ನಾಝಲ್ ಸಿಕ್ಕಿಸುವ ಮುನ್ನವೇ ನಲ್ಲಿ ಪೂರ್ತಿ ತಿರುಗಿಸಿ, ಗನ್ನಿನ ಟ್ರಿಗರ್ ಒತ್ತಿ ಹಿಡಿಯಿರಿ. ಮೊದಲು ಪುಸಪುಸ ಗಾಳಿ, ಆಮೇಲೆ ತಡೆಯಿಲ್ಲದ ನೀರಿನ ಎಳೆ ಬರುತ್ತದೆ. ಎಳೆ ನೆಟ್ಟಗಾದ ಮೇಲೆ ನಾಝಲ್ ಹಾಕಿ, ಆಮೇಲೆ ಸ್ವಿಚ್. ಯಂತ್ರ ಓಡುತ್ತಿರುವಾಗ ಟ್ರಿಗರ್ ಬಿಟ್ಟು ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಪೆಟ್ರೋಲ್ ಯಂತ್ರದಲ್ಲಿ ಆಗ ಅದೇ ನೀರು ಪಂಪಿನೊಳಗೇ ಸುತ್ತಿ ಸುತ್ತಿ ಬಿಸಿಯಾಗುತ್ತದೆ, ಪಂಪಿನ ಕೆಳಗಿಂದ ಬಿಸಿನೀರು ತೊಟ್ಟಿಕ್ಕಿದರೆ ಅದು ಉಷ್ಣ ವಾಲ್ವು ತೆರೆದ ಗುರುತು. ವಿದ್ಯುತ್ ಯಂತ್ರಗಳಲ್ಲಿ ಬಹುತೇಕ ಟ್ರಿಗರ್ ಬಿಟ್ಟೊಡನೆ ಮೋಟರು ತಾನೇ ನಿಲ್ಲುತ್ತದೆ. ಗನ್ ಮುಟ್ಟದೆ ಇದ್ದಾಗಲೂ ಅದು ಆಗಾಗ ಒಂದು ಕ್ಷಣ ಗುರ್ ಎಂದು ನಿಂತರೆ ಎಲ್ಲೋ ಒತ್ತಡ ಸೋರುತ್ತಿದೆ ಎಂದು ತಿಳಿಯಿರಿ. ಮೊದಲು ಪೈಪು ಸೇರುವ ಜಾಗದ ಓ-ರಿಂಗ್ (ರಬ್ಬರ್ ಬಳೆ) ನೋಡಿ.

ವಿದ್ಯುತ್ ತಂತಿಯ ಬಗ್ಗೆ ಒಂದು ಮಾತು. ದೂರ ಸಾಲದಿದ್ದರೆ ತಂತಿಯನ್ನು ಉದ್ದ ಮಾಡುವ ಬದಲು ನೀರಿನ ಪೈಪನ್ನು ಉದ್ದ ಮಾಡಿ. ತೆಳು ಎಕ್ಸ್‌ಟೆನ್ಶನ್ ತಂತಿಯಲ್ಲಿ ವೋಲ್ಟೇಜ್ ಇಳಿದು ಮೋಟರು ಬಿಸಿಯಾಗುತ್ತದೆ, ಜೊತೆಗೆ ಅದರ ಕೂಡುಜಾಗ ಒದ್ದೆ ನೆಲದ ಮೇಲೆ ಬೀಳುತ್ತದೆ. ಸಾಕೆಟ್ಟಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪೆಟ್ರೋಲ್ ಯಂತ್ರವನ್ನು ಗ್ಯಾರೇಜಿನೊಳಗೆ, ಮುಚ್ಚಿದ ಹಜಾರದಲ್ಲಿ ಓಡಿಸಬೇಡಿ. ಬಾಗಿಲು ತೆರೆದಿದ್ದರೂ ಅದು ಕಾರುವ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ.

ಯಾವ ನೆಲಕ್ಕೆ ಎಷ್ಟು

ಚೆನ್ನಾಗಿ ಗಟ್ಟಿಯಾದ ಕಾಂಕ್ರೀಟು 2500ರಿಂದ 3000 ಪಿಎಸ್‌ಐ ತಡೆಯುತ್ತದೆ, ಹಸಿರು ನಾಝಲನ್ನು 25ರಿಂದ 30 ಸೆಂ.ಮೀ. ದೂರದಲ್ಲಿ ಹಿಡಿದರೆ. ತಡೆಯುತ್ತದೆ ಎಂದ ಮಾತ್ರಕ್ಕೆ ಅಷ್ಟು ಬೇಕೇ ಬೇಕೆಂದಲ್ಲ. ಕಾಂಕ್ರೀಟಿನ ಮೇಲ್ಮೈ ನಯವಾಗಿರುವುದು ಸಿಮೆಂಟ್ ಹಾಲು ಮೇಲೆ ಬಂದು ಕಟ್ಟಿದ ತೆಳು ಪದರದಿಂದ. ಹದ ತಪ್ಪಿ ಹೆಚ್ಚು ನೀರು ಹಾಕಿ ಕಲಸಿದ ಕಾಂಕ್ರೀಟಿನಲ್ಲಿ ಈ ಪದರ ದುರ್ಬಲ. ಒಮ್ಮೆ ಅದು ಎದ್ದು ಮರಳು, ಜಲ್ಲಿ ಕಾಣಿಸಿಕೊಂಡರೆ ಆ ಪದರ ಮತ್ತೆ ಬರುವುದಿಲ್ಲ. ಹೊಸ ಕಾಂಕ್ರೀಟನ್ನು ಕನಿಷ್ಠ 28 ದಿನ ಮುಟ್ಟಬೇಡಿ, ಕೆಲವು ತಿಂಗಳು ಬಿಟ್ಟರೆ ಇನ್ನೂ ಒಳ್ಳೆಯದು.

ಇಂಟರ್‌ಲಾಕ್ ಪೇವರ್‌ಗೆ 1500 ಪಿಎಸ್‌ಐ ಆಸುಪಾಸು ಸಾಕು. ಅಲ್ಲಿ ಜೋಪಾನ ಮಾಡಬೇಕಾದದ್ದು ಪೇವರ್‌ಗಿಂತ ಹೆಚ್ಚಾಗಿ ಸಂದಿನ ಮರಳನ್ನು. ಅದರ ವಿಷಯ ಮುಂದೆ ಬರುತ್ತದೆ.

ಕಲ್ಲಿನಲ್ಲಿ ಗ್ರಾನೈಟ್ ಗಟ್ಟಿ, ಚಿಂತೆಯಿಲ್ಲ. ಮರಳುಗಲ್ಲು ಮತ್ತು ಸ್ಲೇಟ್ ಪದರಪದರವಾಗಿ ಕೂಡಿದವು, ಅಡ್ಡದಿಂದ ಬಿದ್ದ ಧಾರೆ ಪದರದ ಅಂಚಿಗೆ ಹೊಕ್ಕು ಚಕ್ಕೆ ಎಬ್ಬಿಸುತ್ತದೆ. ಸುಣ್ಣದಕಲ್ಲು, ಅಮೃತಶಿಲೆ ಮೆದು, ಜೊತೆಗೆ ಆಮ್ಲ ಬಿದ್ದರೆ ಕರಗುತ್ತವೆ. ಇವಕ್ಕೆಲ್ಲ ಬಿಳಿ ನಾಝಲ್, 1000 ಪಿಎಸ್‌ಐಗಿಂತ ಕಡಿಮೆ, ಅರ್ಧ ಮೀಟರ್ ದೂರ. ಮರದ ಹಲಗೆಗಳಿಗೆ 500ರಿಂದ 600, ಗಟ್ಟಿ ಮರಕ್ಕೆ ಹೆಚ್ಚೆಂದರೆ 1200, ಯಾವಾಗಲೂ ಎಳೆಯ ದಿಕ್ಕಿನಲ್ಲೇ. ಮರ ಒಣಗಿದ ಮೇಲೆ ಮೈಯೆಲ್ಲ ನಾರುನಾರಾಗಿ ಎದ್ದಿದ್ದರೆ ಒತ್ತಡ ಜಾಸ್ತಿಯಾಗಿದೆ.

ಯಾವ ನೆಲವೇ ಆಗಲಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಎರಡಡಿ ಜಾಗ ತೊಳೆದು ಪೂರ್ತಿ ಒಣಗಲು ಬಿಡಿ. ಒದ್ದೆ ನೆಲ ಗೆರೆಗಳನ್ನು ಮುಚ್ಚಿಡುತ್ತದೆ. ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ನೋಡಿ. ಮರಳಿನ ಕಣ ಕೈಗೆ ಅಂಟಿದರೆ ದೂರ ಹೆಚ್ಚಿಸಿ, ಅಥವಾ ಅಲ್ಲಿಗೇ ನಿಲ್ಲಿಸಿ ಬ್ರಷ್ ಹಿಡಿಯಿರಿ.

ಮದ್ದು ಹಾಕುವ ಕ್ರಮ

ನೀರು ಮುಟ್ಟಿಸುವ ಮೊದಲು ಒಣಗಿದ್ದಾಗಲೇ ಗುಡಿಸಬೇಕು. ಹಾವಸೆಯ ಗಟ್ಟಿ ಹಾಸನ್ನು ಕರಣೆ ಅಥವಾ ಗಟ್ಟಿ ಬ್ರಷ್ಷಿನಿಂದ ಕೆರೆದು ತೆಗೆಯಿರಿ. ಒಣ ಹಾವಸೆ ಹಪ್ಪಳದಂತೆ ಏಳುತ್ತದೆ, ಒದ್ದೆಯಾದರೆ ಕೆಸರಾಗಿ ಎಲ್ಲ ಕಡೆ ಹರಡುತ್ತದೆ. ಸಂದಿನ ಕಳೆಯನ್ನು ಬೇರುಸಹಿತ ಕಿತ್ತುಬಿಡಿ. ಕಿಟಕಿ ಬಾಗಿಲು ಮುಚ್ಚಿ, ಹೊರಗಿನ ಸಾಕೆಟ್ಟು, ದೀಪಗಳಿಗೆ ಪ್ಲಾಸ್ಟಿಕ್ ಸುತ್ತಿ.

ಪಾಚಿ, ಬೂಷ್ಟು, ಎಲೆ ಬಿದ್ದು ಕೊಳೆತ ಕಂದು ಕರೆ, ಇವಕ್ಕೆ ಸೋಡಿಯಂ ಹೈಪೋಕ್ಲೋರೈಟ್‌ಗಿಂತ ಚೆನ್ನಾಗಿ ಕೆಲಸ ಮಾಡುವುದು ಕಡಿಮೆ. ಇದೇ ಮನೆಯ ಬ್ಲೀಚ್ ದ್ರವ, ಈಜುಕೊಳಕ್ಕೆ ಹಾಕುವ ದ್ರವ ಕ್ಲೋರಿನ್. ವ್ಯತ್ಯಾಸ ಸಾಂದ್ರತೆಯಲ್ಲಿ ಮಾತ್ರ. ನೆಲದ ಮೇಲೆ ಬೀಳುವಾಗ ಶೇ. 1ರಿಂದ 2 ಇದ್ದರೆ ಸಾಕು. ಶೇ. 5ರ ಬ್ಲೀಚ್ ಆದರೆ 1 ಲೀಟರಿಗೆ 4 ಲೀಟರ್ ನೀರು ಸೇರಿಸಿದರೆ ಶೇ. 1 ಆಗುತ್ತದೆ. ಶೇ. 10ರದ್ದಾದರೆ ಅದೇ 4 ಲೀಟರ್ ನೀರಿಗೆ ಶೇ. 2 ಬರುತ್ತದೆ. ಡಬ್ಬಿಯ ಮೇಲಿನ ಅಂಕಿ ತಯಾರಾದ ದಿನದ್ದು ಎಂಬುದು ನೆನಪಿರಲಿ. ಬಿಸಿಲಿಗೆ, ಸೆಕೆಗೆ ಅದು ತಿಂಗಳು ತಿಂಗಳಿಗೂ ಶಕ್ತಿ ಕಳೆದುಕೊಳ್ಳುತ್ತದೆ. ಹಳೆಯ ಡಬ್ಬಿ ತಂದು ಕೆಲಸ ಮಾಡಲಿಲ್ಲವೆಂದು ಒತ್ತಡ ಏರಿಸುವುದು ತಪ್ಪು, ಹೊಸ ಡಬ್ಬಿ ತನ್ನಿ.

ಈ ದ್ರಾವಣವನ್ನು ಪ್ರೆಶರ್ ವಾಷರ್‌ನ ಮೂಲಕ ಬಿಡಬೇಡಿ. ಸೀಲುಗಳನ್ನು, ಹಿತ್ತಾಳೆಯ ಭಾಗಗಳನ್ನು ಅದು ತಿನ್ನುತ್ತದೆ. ಗಿಡಗಳಿಗೆ ಔಷಧ ಹೊಡೆಯುವ ಕೈಪಂಪಿನ ಪ್ಲಾಸ್ಟಿಕ್ ಸ್ಪ್ರೇಯರ್ ಸಾಕು. ಬಳಸಿದ ಮೇಲೆ ಅದನ್ನು ಈ ಕೆಲಸಕ್ಕೇ ಮೀಸಲಿಡಿ. ಸುತ್ತಲಿನ ಗಿಡಗಳಿಗೆ, ಹುಲ್ಲಿಗೆ ಮೊದಲೇ ಧಾರಾಳವಾಗಿ ನೀರು ಹಾಯಿಸಿರಿ, ನೀರು ಕುಡಿದ ಮಣ್ಣು ಮತ್ತು ಎಲೆ ಬ್ಲೀಚನ್ನು ಕಡಿಮೆ ಹೀರುತ್ತವೆ. ನೆಲ ತಣ್ಣಗಿರುವ ಹೊತ್ತು ನೋಡಿ, ಮೋಡವಿದ್ದರೆ ಇನ್ನೂ ಒಳ್ಳೆಯದು. ಮೇಲ್ಮೈ ಒದ್ದೆಯಾಗಿ ಹೊಳೆಯುವಷ್ಟು ಸಿಂಪಡಿಸಿ, ಹರಿದು ಹೋಗುವಷ್ಟು ಬೇಡ. 10ರಿಂದ 15 ನಿಮಿಷ ಬಿಡಿ. ನಡುವೆ ಒಣಗುತ್ತಿದೆ ಎನಿಸಿದರೆ ಇನ್ನೊಮ್ಮೆ ಸಿಂಪಡಿಸಿ, ಏಕೆಂದರೆ ಒಣಗಿದ ಕೂಡಲೇ ಅದರ ಕೆಲಸ ನಿಲ್ಲುತ್ತದೆ. ಹಸಿರು ಮಾಸಿ ಹಳದಿಗೆ, ಕಪ್ಪು ಮಾಸಿ ಕಂದಿಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ತಿರುಗಿದ ಮೇಲೆ ನೀರಿನ ಸರದಿ.

ಇಲ್ಲಿ ಒಂದು ವಿಷಯವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಬ್ಲೀಚಿನ ಜೊತೆ ಯಾವ ಆಮ್ಲವೂ ಸೇರಬಾರದು. ವಿನೆಗರ್ ಕೂಡ, ಶೌಚಾಲಯ ತೊಳೆಯುವ ಆಮ್ಲ ಕೂಡ, ತುಕ್ಕು ತೆಗೆಯುವ ಪುಡಿ ಕೂಡ. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯ ಇರುವ ಕ್ಲೀನರ್ ಸೇರಿದರೆ ಕ್ಲೋರಮೀನ್, ಅದೂ ಶ್ವಾಸಕೋಶಕ್ಕೆ ವಿಷ. ಒಂದೇ ದಿನ ಎರಡನ್ನೂ ಬಳಸುವ ಬದಲು ದಿನ ಬಿಟ್ಟು ಬಳಸಿ, ನಡುವೆ ನೀರಿನಿಂದ ಚೆನ್ನಾಗಿ ತೊಳೆಯಿರಿ. ಬ್ಲೀಚ್ ಕೈಗೆತ್ತಿಕೊಂಡರೆ ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚುಕನ್ನಡಕ ಇರಲೇಬೇಕು.

ಮರದ ಹಲಗೆಗೆ, ಗಿಡಗಳು ಒತ್ತೊತ್ತಾಗಿರುವ ಕಡೆಗೆ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ ಮೇಲು. ಬೆಚ್ಚನೆಯ ನೀರಿನಲ್ಲಿ ಕರಗಿಸಿ ಆಗಿಂದಾಗಲೇ ಬಳಸಬೇಕು, ಕಲಸಿಟ್ಟರೆ ಕೆಲವೇ ಗಂಟೆಗಳಲ್ಲಿ ಸತ್ವ ಹೋಗುತ್ತದೆ. ಕಲ್ಲುಹೂವು ಮಾತ್ರ ಇದಕ್ಕೂ ಬಗ್ಗುವುದಿಲ್ಲ, ಒಂದೇ ಸಲದ ಬ್ಲೀಚಿಗೂ ಬಗ್ಗುವುದಿಲ್ಲ. ಅದಕ್ಕೆ ಬೆನ್ಜಾಲ್ಕೋನಿಯಂ ಕ್ಲೋರೈಡ್ ಇರುವ ದ್ರಾವಣವನ್ನು ಒಣ ನೆಲಕ್ಕೆ ಸಿಂಪಡಿಸಿ, ತೊಳೆಯದೆ ಬಿಡುವುದು ಸರಿಯಾದ ದಾರಿ. ವಾರಗಟ್ಟಲೆ ಮಳೆ ಬಿಸಿಲಿಗೆ ಅದು ಸತ್ತು ತಾನೇ ಉದುರುತ್ತದೆ. ತಾಳ್ಮೆ ಇಲ್ಲದೆ ಒತ್ತಡದಿಂದ ಕಿತ್ತರೆ ಕಲ್ಲಿನ ಚೂರೂ ಅದರೊಡನೆ ಬರುತ್ತದೆ.

ತೊಳೆಯುವುದು

ದೊಡ್ಡ ಅಂಗಳವಾದರೆ ಸರ್ಫೇಸ್ ಕ್ಲೀನರ್ ಎಂಬ ಜೋಡಣೆಗೆ ಹಣ ಹಾಕುವುದು ಸಾರ್ಥಕ. ತಟ್ಟೆಯಂಥ ಮುಚ್ಚಳದೊಳಗೆ ಒಂದು ಅಡ್ಡಕೋಲು, ಅದರ ಎರಡು ತುದಿಗೆ ಎರಡು ನಾಝಲ್. ನೀರಿನ ಒದೆತಕ್ಕೆ ಕೋಲು ತಿರುಗುತ್ತದೆ, ನಾಝಲ್ ನೆಲದಿಂದ ಯಾವಾಗಲೂ ಒಂದೇ ಎತ್ತರದಲ್ಲಿ ಇರುತ್ತದೆ. ಕೈಯ ಏರಿಳಿತವೇ ಇಲ್ಲದ್ದರಿಂದ ಗೆರೆಗಳೂ ಇಲ್ಲ. ಎರಡು ನಾಝಲ್‌ಗೆ ನೀರು ಹಂಚಿಹೋಗುವುದರಿಂದ ರಂಧ್ರದ ಗಾತ್ರವೂ ಅರ್ಧವಾಗಬೇಕು: 3.0 ಬೇಕಾದ ಯಂತ್ರಕ್ಕೆ ಇಲ್ಲಿ 1.5ರ ಎರಡು. ನಿಮಿಷಕ್ಕೆ 6-7 ಲೀಟರ್ ಯಂತ್ರಕ್ಕೆ 25ರಿಂದ 30 ಸೆಂ.ಮೀ. ವ್ಯಾಸದ ತಟ್ಟೆ ಮಿತಿ. ಅದಕ್ಕಿಂತ ದೊಡ್ಡದು ಸಿಕ್ಕಿಸಿದರೆ ಕೋಲು ನಿಧಾನಕ್ಕೆ ತಿರುಗಿ ಸುರುಳಿ ಗುರುತು ಬಿಡುತ್ತದೆ.

ತಟ್ಟೆಯನ್ನು ನಿಧಾನ ನಡಿಗೆಗಿಂತಲೂ ನಿಧಾನವಾಗಿ ದೂಡಿ. ಹಿಂದೆ ಸುರುಳಿ ಸುರುಳಿ ಕಂಡರೆ ಬೇಗ ಹೋಗುತ್ತಿದ್ದೀರಿ. ಪ್ರತಿ ಸಾಲೂ ಹಿಂದಿನ ಸಾಲಿನ ಮೂರನೇ ಒಂದು ಭಾಗವನ್ನು ಹಾದು ಹೋಗಲಿ. ತಟ್ಟೆ ಗಡಗಡ ನಡುಗಿದರೆ ಒಂದು ನಾಝಲ್ ಕಟ್ಟಿದೆ. ಯಂತ್ರ ನಿಲ್ಲಿಸಿ, ಟ್ರಿಗರ್ ಒತ್ತಿ ಒತ್ತಡ ಇಳಿಸಿ, ಸಣ್ಣ ತಂತಿಯಿಂದ ಚುಚ್ಚಿ ಕಸ ತೆಗೆಯಿರಿ.

ಬರಿಯ ಲ್ಯಾನ್ಸ್‌ನಲ್ಲೇ (ಗನ್ನಿನ ಮುಂದಿನ ಉದ್ದ ಕೊಳವೆ) ತೊಳೆಯುವವರು ಟ್ರಿಗರನ್ನು ನೆಲದ ಮೇಲೆ ಗುರಿ ಇಟ್ಟು ಒತ್ತಬೇಡಿ. ಮೊದಲ ಹೊಡೆತ ಅತಿ ಜೋರು, ಅಲ್ಲಿ ಚುಕ್ಕೆ ಕೊರೆದುಬಿಡುತ್ತದೆ. ಗಾಳಿಯಲ್ಲಿ ಒತ್ತಿ, ಆಡಿಸುತ್ತಲೇ ಕೆಳಗೆ ತನ್ನಿ. ಸಾಲಿನ ಕೊನೆಯಲ್ಲಿ ತಿರುಗಿಸುವಾಗ ನಿಲ್ಲದೆ ಮೇಲಕ್ಕೆತ್ತಿ. ತೋಳು ಮಾತ್ರ ಬೀಸಿದರೆ ಎರಡು ತುದಿಯಲ್ಲಿ ನಾಝಲ್ ಎತ್ತರ ಏರುತ್ತದೆ, ನಡುವೆ ಇಳಿಯುತ್ತದೆ. ಅದಕ್ಕೆ ಬೀಸು ಚಿಕ್ಕದಿರಲಿ, ಮುಕ್ಕಾಲು ಮೀಟರ್ ಸಾಕು, ಮೈ ಜೊತೆಗೆ ಚಲಿಸಲಿ.

ಇಳಿಜಾರಿನ ಮೇಲ್ತುದಿಯಿಂದ ಆರಂಭಿಸಿ, ಮನೆಯ ಗೋಡೆಯಿಂದ ಹೊರಕ್ಕೆ ಬನ್ನಿ. ಗೋಡೆಯ ಬುಡಕ್ಕೆ, ಬಾಗಿಲ ಹೊಸ್ತಿಲ ಕೆಳಕ್ಕೆ, ಗೋಡೆಯ ಗಾಳಿಕಿಂಡಿಗೆ ಧಾರೆ ತಿರುಗಬಾರದು. ನೀರು ಒಳಗೆ ಹೊಕ್ಕರೆ ತಿಂಗಳಾದರೂ ಒಣಗುವುದಿಲ್ಲ. ಮೂರು ನಾಲ್ಕು ಮೀಟರ್ ತೊಳೆದಾಗಲೆಲ್ಲ ಬಿಳಿ ನಾಝಲ್ ಹಾಕಿ ಕೆಸರುನೀರನ್ನು ಮುಂದಕ್ಕೆ ದೂಡಿ. ಅಲ್ಲೇ ಒಣಗಲು ಬಿಟ್ಟರೆ ಬೂದು ಪರೆಯಾಗಿ ಕೂರುತ್ತದೆ, ಮತ್ತೆ ಮೊದಲಿಂದ ತೊಳೆಯಬೇಕು. ಆ ನೀರು ಮಳೆಚರಂಡಿಗೆ ಹೋಗದಂತೆ ಬಾಯಿಗೆ ಮರಳಿನ ಚೀಲ ಅಡ್ಡ ಇಡಿ, ಮಳೆಚರಂಡಿಯ ನೀರು ಬಹುತೇಕ ಶುದ್ಧೀಕರಣವಾಗದೆ ನೇರ ಕೆರೆಗೋ ಹಳ್ಳಕ್ಕೋ ಸೇರುತ್ತದೆ. ಕೊನೆಗೆ ಗಿಡಗಳ ಎಲೆಗೂ, ಹತ್ತಿರದ ಕಬ್ಬಿಣ, ಅಲ್ಯುಮಿನಿಯಂ ಸಾಮಾನಿಗೂ ಶುದ್ಧ ನೀರು ಹಾಯಿಸಿ.

ಚಪ್ಪಲಿ ಹಾಕಿಕೊಂಡು ಈ ಕೆಲಸ ಬೇಡ. ಗಟ್ಟಿ ಬೂಟು, ಉದ್ದ ಪ್ಯಾಂಟು ಇರಲಿ. 100 ಪಿಎಸ್‌ಐ ಒತ್ತಡವೇ ಚರ್ಮ ಸೀಳಬಲ್ಲದು, ನಿಮ್ಮ ಕೈಯಲ್ಲಿರುವುದು ಅದರ ಹತ್ತಿಪ್ಪತ್ತು ಪಟ್ಟು. ಧಾರೆ ಚರ್ಮದೊಳಗೆ ಹೊಕ್ಕರೆ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಕೊಳಕು ನೀರು ಮಾಂಸಖಂಡದ ನಡುವೆ ಹರಡಿರುತ್ತದೆ. ಗಾಯ ಚಿಕ್ಕದೆಂದು ಪಟ್ಟಿ ಕಟ್ಟಿ ಸುಮ್ಮನಿರದೆ ಆಗಲೇ ಆಸ್ಪತ್ರೆಗೆ ಹೋಗಿ, ಯಾವುದರಿಂದ ಆದ ಗಾಯ ಎಂದು ಹೇಳಿ. ಅದು ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ತುರ್ತು.

ಪಾಚಿಯಲ್ಲದ ಕರೆಗಳು

ಎಣ್ಣೆ ಚೆಲ್ಲಿದ ಜಾಗಕ್ಕೆ ತಣ್ಣೀರಿನ ಧಾರೆ ಬಿಟ್ಟರೆ ಕರೆ ಅಗಲವಾಗುತ್ತದೆ ಅಷ್ಟೆ. ಹೊಸ ಎಣ್ಣೆಯಾದರೆ ಮರದ ಹೊಟ್ಟು ಸುರಿದು, ಹೀರಿದ ಮೇಲೆ ಗುಡಿಸಿ ತೆಗೆಯಿರಿ. ಆಮೇಲೆ ಕ್ಷಾರೀಯ ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರವ) ಹಾಕಿ, ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ಕಾಲು ಗಂಟೆ ಬಿಟ್ಟು ಬಿಸಿನೀರು ಸುರಿಯಿರಿ. ಬಿಸಿನೀರನ್ನು ಬಕೆಟ್ಟಿನಿಂದಲೇ ಹಾಕಿ, ಮನೆಬಳಕೆಯ ಬಹಳಷ್ಟು ಪಂಪುಗಳು ತಣ್ಣೀರಿಗೆ ಮಾಡಿದವು. ಹಳೆಯ ಕರೆಗೆ ಹೀರುವ ಪುಡಿಯನ್ನು ಡಿಗ್ರೀಸರ್‌ನಲ್ಲಿ ಗಟ್ಟಿ ಕಲಸಿ 1 ಸೆಂ.ಮೀ. ದಪ್ಪ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಮುಚ್ಚಿಗೆ ತೆಗೆದು ಒಣಗಿಸಿ ಕೆರೆದರೆ ಎಣ್ಣೆ ಪುಡಿಯೊಳಗೆ ಬಂದಿರುತ್ತದೆ. ಎರಡು ಮೂರು ಸಲ ಬೇಕಾಗಬಹುದು.

ತುಕ್ಕಿನ ಕರೆಗೆ ಬ್ಲೀಚ್ ಹಾಕಿದರೆ ಹೋಗುವುದಿಲ್ಲ. 1 ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಹಚ್ಚಿ, 15 ನಿಮಿಷಕ್ಕೆ ತೊಳೆಯಿರಿ. ಅದು ವಿಷ, ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ಸಿಗದಂತೆ ಇಡಿ. ಸುಣ್ಣದಕಲ್ಲು, ಅಮೃತಶಿಲೆಯ ಮೇಲೆ ಬೇಡ.

ಬಿಳಿ ಪುಡಿಯಾಗಿ ಹೂ ಬಿಟ್ಟಂತೆ ಕಾಣುವುದು ಒಳಗಿನ ಉಪ್ಪು. ನೀರು ಅದನ್ನು ಕರಗಿಸಿ ಮೇಲಕ್ಕೆ ತಂದು, ತಾನು ಆವಿಯಾಗಿ, ಉಪ್ಪನ್ನು ಬಿಟ್ಟು ಹೋಗಿದೆ. ಅದರ ಮೇಲೆ ಮತ್ತೆ ನೀರು ಬಿಟ್ಟರೆ ಅರ್ಧ ಉಪ್ಪು ವಾಪಸ್ ಒಳಗೆ ಇಳಿದು, ವಾರದಲ್ಲಿ ಮತ್ತೆ ಹೊರಬರುತ್ತದೆ. ಒಣಗಿದ್ದಾಗ ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಪುಡಿಯನ್ನು ಮೊರಕ್ಕೆ ತುಂಬಿ ಹೊರಗೆ ಹಾಕಿ. ಆಮೇಲೆ ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.

ಸಂದಿನ ಮರಳು

ಪೇವರ್‌ಗಳು ಒಂದಕ್ಕೊಂದು ಭಾರ ಹಂಚಿಕೊಳ್ಳುವುದು ಸಂದಿನಲ್ಲಿರುವ ಮರಳಿನ ತಿಕ್ಕಾಟದಿಂದ. ಮರಳು ಹೋದರೆ ಅವು ಅಲ್ಲಾಡುತ್ತವೆ, ಅಂಚು ಒಡೆಯುತ್ತದೆ, ಇರುವೆ ಗೂಡು ಕಟ್ಟುತ್ತದೆ, ಕೆಳಗಿನ ಹಾಸುಮರಳಿಗೆ ನೀರಿಳಿದು ಅಲ್ಲಲ್ಲಿ ಕುಸಿಯುತ್ತದೆ. ತೊಳೆಯುವಾಗ ಧಾರೆಯನ್ನು ಸಂದಿನ ಉದ್ದಕ್ಕೆ ಬಿಡದೆ, ಓರೆಯಾಗಿ ಅಡ್ಡ ಹಾಯಿಸಿದರೆ ಮರಳು ಕಡಿಮೆ ಏಳುತ್ತದೆ. ಎಷ್ಟು ಹುಷಾರಾಗಿದ್ದರೂ ಸ್ವಲ್ಪ ಹೋಗಿಯೇ ಹೋಗುತ್ತದೆ, ಮತ್ತೆ ತುಂಬುವ ಕೆಲಸವನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಆರಂಭಿಸಿ.

ಸಂದು ಪೂರ್ತಿ ಒಣಗಲು ಒಂದೆರಡು ಬಿಸಿಲು ದಿನ ಬೇಕು. ತೇವವಿದ್ದರೆ ಮರಳು ಬಾಯಲ್ಲೇ ಅಂಟಿ ನಿಲ್ಲುತ್ತದೆ, ಕೆಳಗೆ ಟೊಳ್ಳು ಉಳಿಯುತ್ತದೆ. ತೊಳೆದು ಒಣಗಿಸಿ ಜರಡಿ ಹಿಡಿದ, ಮೊನಚು ಕಣಗಳ ಸಣ್ಣ ಮರಳನ್ನು ಹರಡಿ, ಮೂಲೆಯಿಂದ ಮೂಲೆಗೆ ಗುಡಿಸಿ ಇಳಿಸಿ. ಪ್ಲೇಟ್ ಕಾಂಪ್ಯಾಕ್ಟರ್ ಎಂಬ ನೆಲ ಅದುಮುವ ಯಂತ್ರದ ಅಡಿಗೆ ರಬ್ಬರ್ ಹಾಸು ಕಟ್ಟಿ ಒಮ್ಮೆ ಓಡಿಸಿದರೆ ಮರಳು ಕೆಳಗೆ ಕೂರುತ್ತದೆ, ಮತ್ತೆ ತುಂಬಿ. ಪೇವರ್‌ನ ಮೇಲಂಚಿನಿಂದ 3 ಮಿ.ಮೀ. ಕೆಳಗೆ ನಿಲ್ಲಬೇಕು.

ಪಾಲಿಮರ್ ಮರಳು ಹಾಕುವವರು ಇನ್ನೂ ಎಚ್ಚರವಾಗಿರಬೇಕು. ಅದು ನೀರು ತಾಗಿದೊಡನೆ ಅಂಟಾಗುತ್ತದೆ. ಪೇವರ್ ಮೈಮೇಲೆ ಉಳಿದ ಪುಡಿಯನ್ನು ಬ್ಲೋವರ್‌ನಿಂದ ಹಾರಿಸದೆ ನೀರು ಬಿಟ್ಟರೆ ಬಿಳಿ ಪರೆ ಕಟ್ಟಿ ಹಾಗೇ ಉಳಿಯುತ್ತದೆ. ನೀರನ್ನು ಮಂಜಿನಂತೆ ತೆಳುವಾಗಿ ಎರಡು ಮೂರು ಸಲ ಹಾಯಿಸಿ. ಜೋರು ಧಾರೆ ಅಂಟನ್ನೇ ತೊಳೆದುಕೊಂಡು ಹೋಗುತ್ತದೆ. ಮುಂದಿನ 24 ಗಂಟೆ ಮಳೆ ಬರಬಾರದು.

ಸೀಲರ್ ಹಚ್ಚುವುದಿದ್ದರೆ

ನೆಲದ ಮೇಲೆ ಒಂದು ಹನಿ ನೀರು ಬಿಡಿ. ಹೀರಿಕೊಂಡು ನೆಲ ಕಪ್ಪಾದರೆ ಸೀಲರ್ (ನೆಲ ನೀರು ಹೀರದಂತೆ ಹಚ್ಚುವ ದ್ರವ) ಇಲ್ಲ ಅಥವಾ ಸವೆದಿದೆ. ಅಂಗಳಕ್ಕೆ ಸಿಲೇನ್, ಸಿಲಾಕ್ಸೇನ್ ಬಗೆಯ ಒಳಗಿಳಿಯುವ ಸೀಲರ್ ನನ್ನ ಆಯ್ಕೆ. ಅಕ್ರಿಲಿಕ್ ಪದರದ ಸೀಲರ್ ಹೊಳಪು ಕೊಡುತ್ತದೆ, ಆದರೆ ಒದ್ದೆಯಾದಾಗ ಜಾರುತ್ತದೆ, ಕೆಳಗಿನಿಂದ ತೇವ ಏರಿದರೆ ಬಿಳಿಚಿಕೊಂಡು ಏಳುತ್ತದೆ. ಯಾವುದೇ ಆಗಲಿ ನೆಲ ಒಳಗೂ ಒಣಗಿರಬೇಕು. 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ 16 ಗಂಟೆ ಬಿಡಿ. ಎತ್ತಿದಾಗ ಅಡಿಯಲ್ಲಿ ಹನಿ ಕಂಡರೆ, ನೆಲ ಕಪ್ಪಾಗಿದ್ದರೆ ಇನ್ನೆರಡು ದಿನ ಕಾಯಿರಿ.

ಯಂತ್ರವನ್ನು ಎತ್ತಿಡುವಾಗ ಮೊದಲು ಮೋಟರು ಆರಿಸಿ, ಆಮೇಲೆ ನಲ್ಲಿ ಮುಚ್ಚಿ, ಕೊನೆಗೆ ಟ್ರಿಗರ್ ಒತ್ತಿ ಪೈಪಿನಲ್ಲಿ ಉಳಿದ ಒತ್ತಡ ಇಳಿಸಿ. ಒತ್ತಡ ಇಳಿಯದೆ ಪೈಪು ಬಿಚ್ಚಲು ಹೋದರೆ ಕೂಡುಜಾಗ ಕೈಗೆ ಹೊಡೆಯುತ್ತದೆ. ಸೋಪು ಬಳಸಿದ್ದರೆ ಒಂದೆರಡು ನಿಮಿಷ ಬರೀ ನೀರು ಓಡಿಸಿ. ಎಣ್ಣೆ ಹಾಕುವ ಪಂಪಾದರೆ ಗಾಜಿನ ಕಿಂಡಿಯಲ್ಲಿ ಎಣ್ಣೆಯ ಬಣ್ಣ ನೋಡಿ. ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲು ಸೋರಿ ಎಣ್ಣೆಗೆ ನೀರು ಸೇರಿದೆ, ಮುಂದಿನ ಸಲ ಯಂತ್ರ ಹಚ್ಚುವ ಮೊದಲೇ ಸೀಲು ಬದಲಿಸಿ ಎಣ್ಣೆ ತುಂಬಿಸಬೇಕು. ಗನ್, ಲ್ಯಾನ್ಸ್ ಕೂಡುವ ಕಡೆಯ ಓ-ರಿಂಗ್‌ಗಳಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ಪೈಪನ್ನು ದೊಡ್ಡ ಸುತ್ತುಗಳಾಗಿ ಸುತ್ತಿ ನೆರಳಿನಲ್ಲಿ ನೇತುಹಾಕಿ.